ಅಪ್ಪನ ಜೀಪು, ಇಂಗ್ಲೆಂಡಿನ ಕೆಸರು: ಮನೆಮಂದಿ ಜೊತೆ ಆಫ್‌ರೋಡ್ ಹೋಗುವುದು ಹೇಗೆ?

ಪ್ರಶ್ನೆ: ನಾನು, ಹೆಂಡತಿ, ಇಬ್ಬರು ಮಕ್ಕಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮೇ ತಿಂಗಳಲ್ಲಿ ಅಪ್ಪ, ಅಮ್ಮ ತೀರ್ಥಹಳ್ಳಿಯಿಂದ ಬರುತ್ತಿದ್ದಾರೆ. ಅಪ್ಪನಿಗೆ 68. ಅಡಿಕೆ ತೋಟಕ್ಕೆ ವರ್ಷಗಟ್ಟಲೆ ಮಹೀಂದ್ರ ಜೀಪು ಓಡಿಸಿದವರು. ಅಮ್ಮನಿಗೆ ಸೊಂಟ ನೋವು ಇದೆ. ಮಗನಿಗೆ 13, ಮಗಳಿಗೆ 6 ವರ್ಷ. ದೊಡ್ಡ ಎಸ್‌ಯುವಿ ಬಾಡಿಗೆಗೆ ತೆಗೆದುಕೊಂಡು ಹಳ್ಳಿ ಕಡೆಯ ಮಣ್ಣು ದಾರಿಗೆ ಇಳಿಯಬಹುದೇ? ಅಪ್ಪನಿಗೂ, ಸಾಧ್ಯವಾದರೆ ಮಗನಿಗೂ ಸ್ವಲ್ಪ ಹೊತ್ತು ಸ್ಟೀರಿಂಗ್ ಕೊಡುವ ಆಸೆ. ಕೊಡಚಾದ್ರಿ ಜೀಪಿನಂಥ ಅನುಭವ ಇಲ್ಲಿ ಎಲ್ಲಿ ಸಿಗುತ್ತದೆ?

ಉತ್ತರ: ಬಾಡಿಗೆ ಕಾರಿನ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. ಬಾಡಿಗೆ ಕರಾರಿನ ಸಣ್ಣಕ್ಷರ ಓದಿ ನೋಡಿ. ಡಾಂಬರು ಬಿಟ್ಟು ಇಳಿಯಬಾರದು ಅಂತ ಹೆಚ್ಚುಕಮ್ಮಿ ಎಲ್ಲ ಕಂಪನಿಗಳೂ ಬರೆದಿರುತ್ತವೆ. ಇಳಿದು ಏನಾದರೂ ಆದರೆ ವಿಮೆ ಕೈ ಕೊಡುತ್ತದೆ. ಗಾಡಿಯ ಅಡಿಭಾಗ, ಟೈರು, ಬಾಡಿಯ ಮೇಲಿನ ಗೀರು, ಎಲ್ಲದರ ಬಿಲ್ಲೂ ನಿಮ್ಮ ಕಾರ್ಡಿಗೇ ಬರುತ್ತದೆ. ಇನ್ನೊಂದು ಮಾತು. ಬಾಡಿಗೆಗೆ ಸಿಗುವ ಬಹಳಷ್ಟು ಎಸ್‌ಯುವಿಗಳು ನೋಡಲು ಮಾತ್ರ ಎತ್ತರ. ಎರಡೇ ಚಕ್ರಕ್ಕೆ ಎಳೆತ, ರಸ್ತೆಗೆ ಮಾಡಿದ ನುಣುಪು ಟೈರು. ಒದ್ದೆ ಹುಲ್ಲಿನ ಮೇಲೆ ಕಾರ್ ಪಾರ್ಕಿಂಗ್‌ನಿಂದ ಹೊರಗೆ ಬರಲೇ ಒದ್ದಾಡುತ್ತವೆ.

ಆದರೆ ನಿಮ್ಮ ಪ್ರಶ್ನೆಯಲ್ಲಿರುವ ನಿಜವಾದ ತೊಡಕು ಗಾಡಿಯದ್ದಲ್ಲ, ನೆಲದ್ದು. ಮಲೆನಾಡಿನವರಿಗೆ ಮಣ್ಣು ದಾರಿ ಕಂಡರೆ ಅದು ಯಾರದೋ ತೋಟಕ್ಕೋ ಊರಿಗೋ ಹೋಗುವ ದಾರಿ. ಗಾಡಿ ಹೋಗುವಷ್ಟು ಅಗಲವಿದ್ದರೆ ಹೋಗುತ್ತೇವೆ. ಇಂಗ್ಲೆಂಡಿನಲ್ಲಿ ದಾರಿ ಅಗಲವಿದೆ, ಮುಂದೆ ಹೋದವರ ಚಕ್ರದ ಗುರುತೂ ಇದೆ ಅಂದಮಾತ್ರಕ್ಕೆ ಕಾರು ಹೋಗಬಹುದು ಅಂತ ಅರ್ಥವಲ್ಲ. ಅದು ರೈತನ ಟ್ರ್ಯಾಕ್ಟರಿನ ಗುರುತಿರಬಹುದು.

ಇಲ್ಲಿ ಸಾರ್ವಜನಿಕರು ಓಡಾಡುವ ಹಳ್ಳಿ ದಾರಿಗಳಲ್ಲಿ ನಾಲ್ಕು ಬಗೆ. ಫುಟ್‌ಪಾತ್ ಅಂದರೆ ನಡೆಯುವವರಿಗೆ ಮಾತ್ರ. ಕಂಬದ ಮೇಲೆ ಹಳದಿ ಬಾಣ ಇರುತ್ತದೆ. ಬ್ರೈಡಲ್‌ವೇ ಅಂದರೆ ನಡೆಯುವವರ ಜೊತೆ ಕುದುರೆ, ಸೈಕಲ್ಲಿಗೂ ಅವಕಾಶ. ಅದಕ್ಕೆ ನೀಲಿ ಬಾಣ. ರಿಸ್ಟ್ರಿಕ್ಟೆಡ್ ಬೈವೇಯಲ್ಲಿ ಕುದುರೆ ಗಾಡಿಯೂ ಹೋಗಬಹುದು, ಮೋಟಾರು ಗಾಡಿ ಹೋಗುವಂತಿಲ್ಲ. ಬಾಣ ನೇರಳೆ. ನಾಲ್ಕನೆಯದು ಎಲ್ಲ ವಾಹನಗಳಿಗೂ ತೆರೆದಿರುವ ಬೈವೇ. ಅದರ ಬಾಣ ಕೆಂಪು. ನಿಮಗೆ ಬೇಕಾದದ್ದು ಈ ಕೆಂಪು ಬಾಣ. ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿದರೂ ಇಂಥ ಬೈವೇಗಳು ಒಟ್ಟು ಹಳ್ಳಿ ದಾರಿಯಲ್ಲಿ ನೂರಕ್ಕೆ ಎರಡರಷ್ಟು ಮಾತ್ರ. ಮೊದಲು ಇದಕ್ಕಿಂತ ಜಾಸ್ತಿ ದಾರಿಗಳಲ್ಲಿ ಗಾಡಿ ಹೋಗುತ್ತಿತ್ತು. 2006ರಲ್ಲಿ ಬಂದ ಕಾನೂನು, ದಾಖಲೆಯಲ್ಲಿ ಇಲ್ಲದ ಹಳೆಯ ವಾಹನ ಹಕ್ಕುಗಳನ್ನು ಬಹುಪಾಲು ಅಳಿಸಿಹಾಕಿತು.

ತಪ್ಪಿ ಬೇರೆ ಬಾಣದ ದಾರಿಗೆ ಹೋದರೆ? 1988ರ ರೋಡ್ ಟ್ರಾಫಿಕ್ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಊರ ಗೋಮಾಳ, ಬೋಳು ಗುಡ್ಡ, ಫುಟ್‌ಪಾತ್, ಬ್ರೈಡಲ್‌ವೇ ಎಲ್ಲಕ್ಕೂ ಅದೇ ಸೆಕ್ಷನ್. ರಸ್ತೆ ಪಕ್ಕ ಗಾಡಿ ನಿಲ್ಲಿಸಲು 15 ಗಜದವರೆಗೆ ವಿನಾಯಿತಿ ಇದೆ, ಅಷ್ಟೇ. ಜನರಿಗೆ ಕಿರಿಕಿರಿ ಆಗುವ ಹಾಗೆ ಓಡಿಸಿದರೆ 2002ರ ಪೊಲೀಸ್ ಸುಧಾರಣಾ ಕಾಯ್ದೆಯಡಿ ಪೊಲೀಸರು ಗಾಡಿಯನ್ನೇ ಎತ್ತಿಕೊಂಡು ಹೋಗಬಹುದು. ಬಾಡಿಗೆ ಗಾಡಿ ಪೊಲೀಸರ ಯಾರ್ಡಿನಲ್ಲಿ, ನೀವು ಅಮ್ಮನನ್ನು ಕರೆದುಕೊಂಡು ಹಳ್ಳಿ ಬಸ್ ಸ್ಟಾಪಿನಲ್ಲಿ. ಭಾನುವಾರ ಆ ಬಸ್ಸೂ ಬರುವುದು ಅನುಮಾನ.

ಹಾಗಾಗಿ ನಿಮ್ಮ ಕುಟುಂಬಕ್ಕೆ ನನ್ನ ಸಲಹೆ ಒಂದೇ. ಖಾಸಗಿ ಎಸ್ಟೇಟಿನಲ್ಲಿ, ಅವರದೇ ಗಾಡಿಯಲ್ಲಿ, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತಿರುವಂತೆ ಅರ್ಧ ದಿನ ಹೋಗಿ. ಜಾಗವನ್ನೂ ನಾನೇ ಹೇಳಿಬಿಡುತ್ತೇನೆ: ಹೆರಿಫರ್ಡ್‌ಶೈರ್‌ನ ಈಸ್ಟ್‌ನರ್ ಕ್ಯಾಸಲ್. ಲ್ಯಾಂಡ್ ರೋವರ್ ಕಂಪನಿ 1961ರಿಂದ ತನ್ನ ಗಾಡಿಗಳನ್ನು ಪರೀಕ್ಷೆ ಮಾಡುತ್ತಾ ಬಂದಿರುವ ಎಸ್ಟೇಟ್ ಇದು. ಮಾಲ್ವರ್ನ್ ಗುಡ್ಡಸಾಲಿನ ತಪ್ಪಲಲ್ಲಿದೆ. ರೆಡಿಂಗ್‌ನಿಂದ ಎರಡು ಗಂಟೆ ಚಿಲ್ಲರೆ ದಾರಿ. ಕೋಟೆ ನೋಡಲು ತುಂಬಾ ಹಳೆಯದರ ಥರ ಕಾಣುತ್ತದೆ, ಆದರೆ ಕಟ್ಟಲು ಶುರು ಮಾಡಿದ್ದು 1812ರಲ್ಲಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಕಟ್ಟಡದ ನಕ್ಷೆ ಮಾಡಿದ ರಾಬರ್ಟ್ ಸ್ಮರ್ಕ್ ಅವರದೇ ಕೆಲಸ. ಕೋಟೆಯ ಸುತ್ತ ಸಾವಿರಾರು ಎಕರೆ ಕಾಡು, ಜಿಂಕೆಗಳ ಹುಲ್ಲುಗಾವಲು, ಮಧ್ಯೆ ಮಧ್ಯೆ ನೀರು ತುಂಬಿದ ಹೊಂಡ. ಮಣ್ಣು ಹೆಚ್ಚಾಗಿ ಜೇಡಿ. ಮಳೆ ಬಿದ್ದರೆ ಟೈರಿನ ಗೆರೆಗಳೆಲ್ಲ ತುಂಬಿಕೊಂಡು ಚಕ್ರ ನುಣ್ಣಗಾಗಿಬಿಡುತ್ತದೆ. ಗಾಡಿ ಮಾಡುವವರು ಅರವತ್ತು ವರ್ಷದಿಂದ ಇಲ್ಲಿಗೇ ಬರುತ್ತಿರುವುದು ಇಂಥ ನೆಲಕ್ಕಾಗಿಯೇ.

ನಿಮ್ಮ ತಂದೆಗೆ ಈ ಜಾಗ ಹಿಡಿಸುತ್ತದೆ ಅನ್ನಲು ಇನ್ನೊಂದು ಕಾರಣವಿದೆ. ಅವರ ತೋಟದ ಜೀಪಿಗೂ ಲ್ಯಾಂಡ್ ರೋವರಿಗೂ ಮೂಲ ಒಂದೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ರೋವರ್ ಕಂಪನಿಯ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ಅವರ ಬಳಿ ಸೈನ್ಯ ಬಿಟ್ಟುಕೊಟ್ಟ ಒಂದು ವಿಲ್ಲಿಸ್ ಜೀಪಿತ್ತು. ವೇಲ್ಸ್‌ನ ಆಂಗ್ಲ್‌ಸೀ ದ್ವೀಪದ ತಮ್ಮ ಜಮೀನಿನಲ್ಲಿ ಅದನ್ನೇ ದುಡಿಸುತ್ತಿದ್ದರು. ಅದು ಕೆಟ್ಟರೆ ಮುಂದೇನು ಎಂಬ ಯೋಚನೆಯಲ್ಲಿ 1947ರಲ್ಲಿ ಅಲ್ಲಿನ ರೆಡ್ ವಾರ್ಫ್ ಬೇ ಸಮುದ್ರದಂಡೆಯ ಮರಳಿನ ಮೇಲೆ ಹೊಸ ಗಾಡಿಯ ಚಿತ್ರ ಗೀಚಿ ಅಣ್ಣನಿಗೆ ತೋರಿಸಿದರಂತೆ. ಮೊದಲ ಮಾದರಿಯನ್ನು ಜೀಪಿನ ಚಾಸಿಯ ಮೇಲೇ ಕಟ್ಟಿದರು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಮೋಟಾರು ಪ್ರದರ್ಶನದಲ್ಲಿ ಹೊರಗೆ ಬಂದ ಲ್ಯಾಂಡ್ ರೋವರಿನ ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ 80 ಇಂಚು, ಜೀಪಿನದ್ದೂ ಅಷ್ಟೇ. ಆಗ ಇಂಗ್ಲೆಂಡಿನಲ್ಲಿ ಉಕ್ಕಿಗೆ ರೇಷನ್. ಹಾಗಾಗಿ ಗಾಡಿಯ ಹೊರಮೈಗೆ ಅಲ್ಯೂಮಿನಿಯಂ ಮಿಶ್ರಲೋಹದ ತಗಡು ಹಾಕಿದರು. ಅದೇ ಹೊತ್ತಿಗೆ, 1947ರಿಂದ, ಮುಂಬೈನಲ್ಲಿ ಮಹೀಂದ್ರದವರು ಅದೇ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದ್ದರು. ಮಲೆನಾಡಿನ ತೋಟಗಳಿಗೆ ಬಂದದ್ದು ಆ ವಂಶದ ಗಾಡಿ. 2008ರಲ್ಲಿ ಲ್ಯಾಂಡ್ ರೋವರನ್ನು ಟಾಟಾ ಮೋಟಾರ್ಸ್ ಕೊಂಡದ್ದು ನಿಮಗೆ ಗೊತ್ತೇ ಇದೆ. ಬರ್ಮಿಂಗ್‌ಹ್ಯಾಮ್ ಪಕ್ಕದ ಸಾಲಿಹಲ್ ಕಾರ್ಖಾನೆಯ ಕಡೆ ಹೋದರೆ ಕನ್ನಡ ಮಾತೂ ಕಿವಿಗೆ ಬಿದ್ದರೆ ಆಶ್ಚರ್ಯವಿಲ್ಲ.

ಈಗ ಯಾರು ಓಡಿಸಬಹುದು ಅನ್ನುವುದು. ನಿಮ್ಮ ತಂದೆ ಓಡಿಸಬಹುದು. ಭೇಟಿಗೆ ಬಂದವರು ಭಾರತದ ಲೈಸೆನ್ಸಿನಲ್ಲೇ ಇಲ್ಲಿ 12 ತಿಂಗಳವರೆಗೆ ಕಾರು ಓಡಿಸಲು ಕಾನೂನು ಬಿಡುತ್ತದೆ. ಖಾಸಗಿ ನೆಲಕ್ಕೆ ಲೈಸೆನ್ಸೇ ಬೇಕಿಲ್ಲ ಅನ್ನುವವರಿದ್ದಾರೆ. ಕಾನೂನಿನ ಮಟ್ಟಿಗೆ ಸರಿ ಇರಬಹುದು. ಆದರೆ ಇಂಥ ಕೇಂದ್ರಗಳು ತಮ್ಮ ವಿಮೆಗೋಸ್ಕರ ಲೈಸೆನ್ಸ್ ಕೇಳುತ್ತವೆ. ಆದ್ದರಿಂದ ಊರಿನಿಂದ ಹೊರಡುವಾಗಲೇ ಅಪ್ಪನಿಗೆ ಕಾರ್ಡ್ ತರಲು ಹೇಳಿ, ಅವಧಿ ಮುಗಿದಿದೆಯಾ ನೋಡಿ. ಹಿರಿಯರ ಲೈಸೆನ್ಸ್ ಬೀರುವಿನಲ್ಲೇ ಮಲಗಿ ತಾರೀಖು ಮುಗಿದಿರುವುದು ಮಾಮೂಲು. ನಿಮ್ಮದೂ ನೋಡಿಕೊಳ್ಳಿ. ಇಲ್ಲಿ ನೆಲೆಸಿ ವರ್ಷ ದಾಟಿದ್ದರೆ ನಿಮಗೆ ಇಲ್ಲಿಯ ಲೈಸೆನ್ಸೇ ಬೇಕು.

ಮಗನ ವಿಷಯದಲ್ಲಿ ಸ್ವಲ್ಪ ಜಾಗ್ರತೆ. ರಸ್ತೆಯಲ್ಲಿ ಕಾರು ಓಡಿಸಲು ಇಲ್ಲಿ 17 ತುಂಬಬೇಕು. ಬೈವೇ ಕೂಡ ಕಾನೂನಿನ ಕಣ್ಣಿಗೆ ರಸ್ತೆಯೇ, ಕೆಸರಿದ್ದರೂ ಸರಿ. ಜನ ಬಂದು ಹೋಗುವ ಕ್ಯಾಂಪಿಂಗ್ ಜಾಗ, ಸೂಪರ್‌ಮಾರ್ಕೆಟಿನ ಪಾರ್ಕಿಂಗ್ ಇವೆಲ್ಲ ಯಾರದೋ ಸ್ವಂತ ಜಾಗವಾದರೂ ಸಾರ್ವಜನಿಕ ಸ್ಥಳ ಅಂತಲೇ ಲೆಕ್ಕ. 'ಖಾಲಿ ಇದೆಯಲ್ಲಾ, ಒಂದು ರೌಂಡ್ ಹೊಡಿ' ಅಂತ ಅಲ್ಲಿ ಮಗನಿಗೆ ಬಿಡಬೇಡಿ. ಮಕ್ಕಳಿಗೆಂದೇ ಪ್ರತ್ಯೇಕ ಪಾಠ ಇಟ್ಟಿರುವ ಕೇಂದ್ರಗಳಿವೆ. ಎರಡೂ ಕಡೆ ಬ್ರೇಕ್ ಪೆಡಲ್ ಇರುವ ಗಾಡಿಯೂ ಸಿಗುತ್ತದೆ. ಬುಕ್ ಮಾಡುವಾಗ ಮಗನ ವಯಸ್ಸು, ಎತ್ತರ ಎರಡನ್ನೂ ಹೇಳಿ ಕೇಳಿ. ಅಂದು ಅಲ್ಲಿ ಹೋಗಿ ಕೇಳಿದರೆ ಇಲ್ಲ ಅಂತಾರೆ, ಹುಡುಗ ದಿನವಿಡೀ ಮುಖ ಊದಿಸಿಕೊಂಡಿರುತ್ತಾನೆ.

ಸೀಟಿನ ಲೆಕ್ಕ ಹಾಕಿದಿರಾ? ನೀವು ಆರು ಜನ. ಮುಂದಿನ ಎಡ ಸೀಟು ಇನ್‌ಸ್ಟ್ರಕ್ಟರ್‌ಗೆ. ಅಂದರೆ ಓಡಿಸುವವರು ಬಿಟ್ಟು ಇನ್ನು ಐದು ಸೀಟು ಬೇಕು. ಲ್ಯಾಂಡ್ ರೋವರಿನ ಡಿಫೆಂಡರ್ 110 ಎಂಬ ಸಾಮಾನ್ಯ ಮಾದರಿಯ ಹಿಂದಿನ ಸಾಲಿನಲ್ಲಿ ಮೂವರು. ಏಳು ಸೀಟಿನ ಗಾಡಿ ಕೊಟ್ಟರೂ ಕೊನೆಯ ಸಾಲಿಗೆ ಅಮ್ಮನನ್ನು ಕಳಿಸುವ ಹಾಗಿಲ್ಲ. ಹಿಂದಿನ ಚಕ್ರದ ಮೇಲೆ ಕೂತವರಿಗೆ ಪ್ರತಿ ಹೊಂಡವೂ ನೇರ ಸೊಂಟಕ್ಕೆ. ಹಣ ಉಳಿಸಲು ಎಲ್ಲರನ್ನೂ ಒಂದೇ ಗಾಡಿಗೆ ತುರುಕಬೇಡಿ. ಒಂದೇ ಗಾಡಿ ತೆಗೆದುಕೊಂಡು ಸರದಿ ಮಾಡಿಕೊಳ್ಳಿ. ಮೊದಲ ಸುತ್ತು ನೀವು, ಅಪ್ಪ, ಮಗ. ಎರಡನೇ ಸುತ್ತು ಹಗುರ ದಾರಿಯಲ್ಲಿ, ನಿಮ್ಮ ಹೆಂಡತಿ ಓಡಿಸಲಿ, ಅಮ್ಮ, ಮಗಳು ಹಿಂದೆ. ಮಧ್ಯೆ ಜನ ಬದಲಾಯಿಸಬಹುದಾ ಅಂತ ಮೊದಲೇ ಮಾತಾಡಿಕೊಳ್ಳಿ. ದರವನ್ನು ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ ಇಡುವುದಿಲ್ಲ, ಗಾಡಿಗೆ ಇಷ್ಟು ಅಂತ ಇಡುತ್ತಾರೆ. ಸರದಿ ಮಾಡಿದರೆ ಕಿಸೆಗೂ ಹೊರೆಯಾಗದು.

ಅಮ್ಮನ ಸೊಂಟದ ವಿಷಯ ಬುಕ್ ಮಾಡುವಾಗ ಮುಚ್ಚಿಡಬೇಡಿ. ಡಿಸ್ಕ್ ತೊಂದರೆ, ಕತ್ತಿನ ನೋವು, ಹೊಸದಾಗಿ ಆಪರೇಷನ್ ಆಗಿರುವುದು, ಗರ್ಭಿಣಿಯರು, ಇವರಿಗೆಲ್ಲ ಬೇಡ ಅಂತಲೇ ಹೇಳುತ್ತಾರೆ. ಅಮ್ಮನದ್ದು ಬರೀ ಕೂತು ಎದ್ದರೆ ಬರುವ ನೋವಾದರೆ, ಡಾಕ್ಟರು ಸರಿ ಅಂದರೆ, ಹೊಸ ಗಾಡಿಯಲ್ಲಿ ಅರ್ಧ ಗಂಟೆ ಕೂರಬಹುದು. ಹೊಸ ಡಿಫೆಂಡರ್ ಹೊಂಡಕ್ಕೆ ಇಳಿಯುವಾಗ ವಾಲುತ್ತದೆ, ಆದರೆ ಎತ್ತಿ ಕುಕ್ಕುವುದಿಲ್ಲ. ಹಳೆಯ ಡಿಫೆಂಡರ್ ಬೇರೆ. 2016ರ ಜನವರಿಯಲ್ಲಿ ಅದನ್ನು ಮಾಡುವುದು ನಿಲ್ಲಿಸಿದರು. ಅದರಲ್ಲೇ ಕರೆದೊಯ್ಯುತ್ತೇವೆ ಅನ್ನುವವರು ಈಗಲೂ ಇದ್ದಾರೆ. ಮೊಣಕೈ ಬಾಗಿಲಿಗೆ ತಾಗುತ್ತದೆ, ಸೀಟು ಗಟ್ಟಿ, ಸದ್ದು ಜಾಸ್ತಿ. ಅಪ್ಪನಿಗೆ ಅದೇ ಖುಷಿ ಕೊಡಬಹುದು, ಅಮ್ಮನಿಗೆ ಖಂಡಿತ ಬೇಡ. ಅದರಲ್ಲಿ ಹಿಂದುಗಡೆ ಎದುರುಬದುರು ಉದ್ದ ಸೀಟು ಇದ್ದರೆ ಮಗಳನ್ನೂ ಕೂರಿಸಬೇಡಿ. ಪಕ್ಕಕ್ಕೆ ಮುಖ ಮಾಡಿದ ಸೀಟಿಗೆ ಮಕ್ಕಳ ಸೀಟು ಕಟ್ಟಲು ಬರುವುದಿಲ್ಲ. ಇಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲು ಬರುತ್ತದೋ ಅಲ್ಲಿಯವರೆಗೆ ಮಕ್ಕಳ ಸೀಟು ಕಡ್ಡಾಯ. ನಿಮ್ಮ ಕಾರಿನ ಬೂಸ್ಟರನ್ನೇ ತೆಗೆದು ಅಲ್ಲಿಯ ಗಾಡಿಗೆ ಹಾಕಿಕೊಳ್ಳಿ.

ಕೊಡಚಾದ್ರಿಯ ಜೀಪಿನ ಜೊತೆ ಹೋಲಿಸಿ ಕೇಳಿದ್ದೀರಿ. ಅಲ್ಲಿ ಓಡಿಸುವವನು ದಿನಾ ಅದೇ ದಾರಿ ಹತ್ತುವ ಪಳಗಿದ ಕೈ. ನೀವು ಹಿಂದೆ ಕಂಬಿ ಹಿಡಿದು ಕೂತು ಎಗರುತ್ತೀರಿ. ಆ ಎಗರಾಟವೇ ಅಲ್ಲಿನ ಮಜಾ. ಇಲ್ಲಿ ಅದನ್ನು ಕಾದುಕೊಂಡು ಹೋದರೆ ನಿರಾಸೆ ಆಗುತ್ತದೆ. ಬೆಲ್ಟ್ ಹಾಕಿ ಕೂತಿರುತ್ತೀರಿ, ಗಾಡಿ ಮನುಷ್ಯ ನಡೆಯುವ ವೇಗಕ್ಕಿಂತಲೂ ನಿಧಾನ ಹೋಗುತ್ತಿರುತ್ತದೆ. ಸ್ಪೀಡೋಮೀಟರ್ ಮುಳ್ಳು ಎದ್ದಿರುವುದೇ ಇಲ್ಲ. ಹಾಗಿದ್ದೂ ಓಡಿಸುವವನ ಅಂಗೈ ಬೆವರುತ್ತದೆ. ಮಜಾ ಇರುವುದು ಸ್ಟೀರಿಂಗ್ ಹಿಂದೆ. ಅದಕ್ಕೇ ಎಲ್ಲರಿಗೂ ಓಡಿಸುವ ಸರದಿ ಬರಲಿ ಅಂದದ್ದು.

ಅಪ್ಪನಿಗೆ ಮೊದಲು ಗಲಿಬಿಲಿ ಮಾಡುವುದು ಎಡಗಾಲು. ಹೊಸ ಡಿಫೆಂಡರ್ ಆಟೋಮ್ಯಾಟಿಕ್, ಕ್ಲಚ್ಚೇ ಇಲ್ಲ. ಜೀವಮಾನವಿಡೀ ಕ್ಲಚ್ ತುಳಿದ ಕಾಲು ಇಳಿಜಾರು ಕಂಡ ಕೂಡಲೇ ತಾನಾಗಿ ಮುಂದೆ ಹೋಗುತ್ತದೆ, ಅಲ್ಲಿ ಸಿಗುವುದು ಅಗಲವಾದ ಬ್ರೇಕ್ ಪೆಡಲ್. ಗಾಡಿ ಧಡಕ್ಕನೆ ನಿಲ್ಲುತ್ತದೆ, ಹಿಂದೆ ಕೂತವರ ಹಣೆ ಮುಂದಿನ ಸೀಟಿಗೆ. ಎಡಗಾಲನ್ನು ಸೀಟಿನ ಕಡೆಗೆ ಹಿಂದಕ್ಕೆ ಎಳೆದುಕೊಂಡು ಕೂರಲು ಹೇಳಿ. ಹೆಬ್ಬೆರಳಿನ ಪಾಠ ಅವರಿಗೆ ಹೇಳಿಕೊಡಬೇಕಿಲ್ಲ. ಪವರ್ ಸ್ಟೀರಿಂಗ್ ಇಲ್ಲದ ಜೀಪಿನಲ್ಲಿ ಚಕ್ರ ಕಲ್ಲಿಗೆ ಬಡಿದರೆ ಸ್ಟೀರಿಂಗ್ ಗಿರ್ರನೆ ತಿರುಗಿ ಒಳಗಿಟ್ಟ ಹೆಬ್ಬೆರಳನ್ನು ಮುರಿಯುತ್ತದೆ ಅಂತ ತೋಟದಲ್ಲಿ ಓಡಿಸಿದವರಿಗೆಲ್ಲ ಗೊತ್ತು. ಇಲ್ಲಿಯ ಇನ್‌ಸ್ಟ್ರಕ್ಟರ್ ಕೂಡ ಮೊದಲು ಹೇಳುವುದು ಅದನ್ನೇ, ಹೆಬ್ಬೆರಳು ಸ್ಟೀರಿಂಗಿನ ಹೊರಗೆ ಇರಲಿ ಅಂತ. ಆ ಮಾತು ಬಂದಾಗ ಅಪ್ಪನ ಮುಖ ನೋಡಿ. ನೀವೇ ಕನ್ನಡಕ್ಕೆ ತಿರುಗಿಸಿ ಹೇಳುವ ಮೊದಲೇ ಅವರಿಗೆ ಅರ್ಥವಾಗಿರುತ್ತದೆ.

ಇಳಿಜಾರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಹೆದರಿಕೆ ಹುಟ್ಟುವುದು ಅಲ್ಲೇ. ದಿಣ್ಣೆಯ ನೆತ್ತಿಗೆ ಬಂದಾಗ ಗಾಜಿನ ತುಂಬ ಬರೀ ಆಕಾಶ. ಮುಂದೆ ನೆಲ ಇದೆಯೋ ಇಲ್ಲವೋ ಕಾಣುವುದಿಲ್ಲ. ಆಮೇಲೆ ಮೂತಿ ಕೆಳಗೆ ಬಾಗುತ್ತದೆ, ಬೆಲ್ಟು ಎದೆಗೆ ಒತ್ತುತ್ತದೆ, ಕೆಳಗಿನ ಮರದ ಬುಡ ನೇರ ಮುಖಕ್ಕೆ ಬರುತ್ತದೆ. ಹೊರಗೆ ನಿಂತು ನೋಡಿದರೆ ಅಂಥ ಕಡಿದೇನೂ ಅಲ್ಲ. ಒಳಗೆ ಕೂತವರಿಗೆ ಗೋಡೆ ಇಳಿದ ಹಾಗೆ. ಈ ಹೊತ್ತಿಗೆ ಕಾಲು ಬ್ರೇಕನ್ನು ಗಟ್ಟಿಯಾಗಿ ತುಳಿಯಲು ಹವಣಿಸುತ್ತದೆ. ತುಳಿಯಬಾರದು. ಜಾರು ಮಣ್ಣಿನ ಮೇಲೆ ಚಕ್ರ ತಿರುಗುವುದು ನಿಂತರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ, ಗಾಡಿ ತನಗೆ ಇಷ್ಟ ಬಂದ ಕಡೆ ಜಾರುತ್ತದೆ. ಹಳೆಯ ಗಾಡಿಯಲ್ಲಿ ಲೋ ರೇಂಜ್ (ಗಾಡಿಯನ್ನು ತುಂಬ ನಿಧಾನವಾಗಿ, ಬಲವಾಗಿ ನಡೆಸುವ ಗೇರ್ ಸಾಲು), ಮೊದಲ ಗೇರ್ ಹಾಕಿ, ಕ್ಲಚ್ ಮುಟ್ಟದೆ, ಎಂಜಿನ್ನಿನ ಹಿಡಿತದಲ್ಲೇ ಇಳಿಸುತ್ತಾರೆ. ಅಪ್ಪ ತೋಟದಲ್ಲಿ ಮಾಡುತ್ತಿದ್ದದ್ದೂ ಅದೇ ಇರಬೇಕು. ಹೊಸದರಲ್ಲಿ ಹಿಲ್ ಡಿಸೆಂಟ್ ಕಂಟ್ರೋಲ್ ಅಂತ ಒಂದು ವ್ಯವಸ್ಥೆ ಇದೆ. ಎರಡೂ ಪೆಡಲಿನಿಂದ ಕಾಲು ತೆಗೆಯಬೇಕು. ಗಾಡಿ ಒಂದೊಂದು ಚಕ್ರಕ್ಕೂ ಬೇಕಾದಷ್ಟೇ ಬ್ರೇಕ್ ಕೊಟ್ಟುಕೊಂಡು ತಾನೇ ಇಳಿಯುತ್ತದೆ. ಅಡಿಯಿಂದ ಗರಗರ ಸದ್ದು ಬರುತ್ತದೆ, ಏನೋ ಮುರಿಯಿತು ಅನಿಸುತ್ತದೆ. ಮುರಿದಿರುವುದಿಲ್ಲ, ಅದು ಬ್ರೇಕ್ ಹಿಡಿದು ಬಿಟ್ಟು ಮಾಡುವ ಸದ್ದು. ಹಿಂದೆ ಕೂತವರಿಗೆ ಇದನ್ನು ಮೊದಲೇ ಹೇಳಿಡಿ. ಗಾಡಿ ಅಡ್ಡ ಜಾರಲು ಶುರುವಾದರೆ ಸ್ವಲ್ಪವೇ ಆಕ್ಸಿಲರೇಟರ್ ಕೊಡಬೇಕು. ಇಳಿಯುವಾಗ ಆಕ್ಸಿಲರೇಟರ್ ಕೊಡುವುದು ಮನಸ್ಸಿಗೆ ಒಗ್ಗದ ಕೆಲಸ, ಆದರೆ ಚಕ್ರ ಮತ್ತೆ ತಿರುಗಿ ನೆಲ ಹಿಡಿಯುವುದು ಹಾಗೇ.

ಏರಿನಲ್ಲಿ ಇದರ ತದ್ವಿರುದ್ಧ ತಪ್ಪು ಮಾಡುತ್ತಾರೆ. ಅರ್ಧಕ್ಕೆ ಹೆದರಿ ಆಕ್ಸಿಲರೇಟರ್ ಬಿಡುತ್ತಾರೆ. ಬಿಟ್ಟರೆ ನಿಂತಿತು. ನಿಂತರೆ ಅಲ್ಲೇ ತಿರುಗಿಸಿಕೊಂಡು ಇಳಿಯೋಣ ಅನ್ನುವುದು ಎಲ್ಲಕ್ಕಿಂತ ಅಪಾಯ. ಏರಿಗೆ ಅಡ್ಡಲಾದ ಗಾಡಿ ಉರುಳುತ್ತದೆ. ರಿವರ್ಸ್ ಹಾಕಿ, ಹತ್ತಿದ ಜಾಡಿನಲ್ಲೇ ನೇರ ಹಿಂದಕ್ಕೆ ಇಳಿಯಬೇಕು.

ಕೊರಕಲು ಜಾಡಿನಲ್ಲಿ ಒಂದು ಸೂಕ್ಷ್ಮ ಇದೆ. ಆಳವಾದ ಜಾಡಿಗೆ ಚಕ್ರ ಬಿದ್ದ ಮೇಲೆ ಗಾಡಿ ರೈಲಿನಂತೆ ಅದರಲ್ಲೇ ಹೋಗುತ್ತದೆ, ನೀವು ಸ್ಟೀರಿಂಗ್ ಎತ್ತ ತಿರುಗಿಸಿದ್ದೀರಿ ಅಂತ ಗೊತ್ತೇ ಆಗುವುದಿಲ್ಲ. ಪೂರ್ತಿ ಬಲಕ್ಕೆ ತಿರುಗಿಸಿಟ್ಟುಕೊಂಡು ನೇರ ಹೋಗುತ್ತಿರುತ್ತೀರಿ. ಜಾಡು ಮುಗಿದು ಚಕ್ರ ಮೇಲೆ ಬಂದ ಕ್ಷಣ ಗಾಡಿ ಬಲಕ್ಕೆ ಹಾರಿ ಮರಕ್ಕೆ ಹೋಗುತ್ತದೆ. ಹಾಗಾಗಿ ಆಗಾಗ ಕಿಟಕಿಯಿಂದ ತಲೆ ಹಾಕಿ ಮುಂದಿನ ಚಕ್ರ ನೇರ ಇದೆಯಾ ನೋಡಿಕೊಳ್ಳಬೇಕು. ಆಗ ಕೆಸರು ಮುಖಕ್ಕೆ ಹಾರುವುದು ಖಾತ್ರಿ. ಮಗಳು ಬಿದ್ದು ಬಿದ್ದು ನಗುವುದು ಆಗಲೇ.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗುವುದು ನೀರು. ಏರ್ ಸಸ್ಪೆನ್ಷನ್ (ಗಾಳಿಯ ಒತ್ತಡದಿಂದ ಗಾಡಿಯನ್ನು ಎತ್ತರಿಸುವ ವ್ಯವಸ್ಥೆ) ಇರುವ ಹೊಸ ಡಿಫೆಂಡರ್ 900 ಮಿಲಿಮೀಟರ್ ಆಳದವರೆಗೆ ಹೋಗಬಲ್ಲದು, ಅಂದರೆ ನಿಮ್ಮ ಮಗಳ ಎದೆಮಟ್ಟಕ್ಕೂ ಮೇಲೆ. ಹಳೆಯದಕ್ಕೆ 500 ಮಿಲಿಮೀಟರ್ ಅಷ್ಟೇ. ಸಿನಿಮಾದಲ್ಲಿ ತೋರಿಸುವ ಹಾಗೆ ನೀರು ಎರಡೂ ಕಡೆ ಚಿಮ್ಮಿಸಿಕೊಂಡು ನುಗ್ಗುವುದು ಗಾಡಿ ಕೆಡಿಸುವ ವಿಧಾನ. ನಿಧಾನ ಇಳಿದು ಒಂದೇ ಹದದಲ್ಲಿ ಹೋದರೆ ಮೂತಿಯ ಮುಂದೆ ಒಂದು ಅಲೆ ಏಳುತ್ತದೆ. ಆ ಅಲೆಯ ಹಿಂದೆ, ಎಂಜಿನ್ ಇರುವ ಜಾಗದಲ್ಲಿ, ನೀರಿನ ಮಟ್ಟ ಸ್ವಲ್ಪ ತಗ್ಗುತ್ತದೆ. ಅಲೆಯನ್ನು ಮುಂದೆ ತಳ್ಳಿಕೊಂಡೇ ಆಚೆ ದಡ ಸೇರಬೇಕು. ಮಧ್ಯೆ ನಿಲ್ಲಿಸಿದರೆ ಅಲೆ ವಾಪಸ್ ಬಂದು ಬಾನೆಟ್ಟಿಗೆ ಅಪ್ಪಳಿಸುತ್ತದೆ. ಎಂಜಿನ್ ಉಸಿರೆಳೆಯುವ ಕೊಳವೆಗೆ ನೀರು ಹೋದರೆ ಪಿಸ್ಟನ್ನು ನೀರನ್ನು ಅದುಮಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಕತೆ ಅಲ್ಲಿಗೆ ಮುಗಿಯಿತು. ಎಸ್ಟೇಟಿನ ಹೊಂಡದ ತಳ ಇನ್‌ಸ್ಟ್ರಕ್ಟರ್‌ಗೆ ಗೊತ್ತಿರುತ್ತದೆ, ಚಿಂತೆಯಿಲ್ಲ. ಆ ಧೈರ್ಯದಲ್ಲಿ ವಾಪಸ್ ಬರುವಾಗ ನಿಮ್ಮ ಸ್ವಂತ ಕಾರನ್ನು ಹಳ್ಳಿ ರಸ್ತೆಯ ಹಳ್ಳಕ್ಕೆ ಇಳಿಸಬೇಡಿ. ನಾಟಿಂಗ್‌ಹ್ಯಾಮ್‌ಶೈರ್‌ನ ರಫರ್ಡ್‌ನಲ್ಲಿ ರಸ್ತೆಗೆ ಅಡ್ಡ ಹರಿಯುವ ಅಂಥದೊಂದು ಹಳ್ಳ ಇತ್ತು. ಕಾರುಗಳು ಅಲ್ಲಿ ಕೆಟ್ಟು ನಿಲ್ಲುವುದನ್ನು ನೋಡಲು, ವಿಡಿಯೋ ಮಾಡಲು ಜನ ದಡದಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಆ ಗಲಾಟೆ ತಡೆಯಲಾಗದೆ 2022ರ ಕೊನೆಗೆ ಅಲ್ಲಿ ಗಾಡಿ ಓಡಾಟವನ್ನೇ ಬಂದ್ ಮಾಡಿದರು.

ಬೈವೇ ಅನುಭವ ಯಾವತ್ತೂ ಬೇಡ ಅಂತ ನಾನು ಹೇಳುತ್ತಿಲ್ಲ. ಅಪ್ಪ, ಅಮ್ಮ ವಾಪಸ್ ಹೋದ ಮೇಲೂ ಈ ಹುಚ್ಚು ಉಳಿದರೆ, ಸ್ವಂತ ಫೋರ್ ವೀಲ್ ಡ್ರೈವ್ ತೆಗೆದುಕೊಂಡರೆ, ಆಗ ಹೋಗಿ. ಇಲ್ಲಿಯ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಈ ಬೈವೇಗಳನ್ನು ಹಸಿರು ಕೂಡಿಸು ಚಿಹ್ನೆಗಳ ಸಾಲಿನಿಂದ ತೋರಿಸುತ್ತಾರೆ. ನಕ್ಷೆ ಒಂದನ್ನೇ ನಂಬಬೇಡಿ. ಕೌನ್ಸಿಲ್‌ನವರು ಕೆಲವು ದಾರಿಗಳನ್ನು ಆದೇಶ ಹೊರಡಿಸಿ ಗಾಡಿಗಳಿಗೆ ಮುಚ್ಚಿರುತ್ತಾರೆ, ಅದು ನಕ್ಷೆಯಲ್ಲಿ ಕಾಣುವುದಿಲ್ಲ. ದಾರಿಯ ಬಾಯಲ್ಲಿ ಬೋರ್ಡ್ ಇರುತ್ತದೆ. ನಿಮ್ಮ ಮನೆ ಹತ್ತಿರದ ರಿಜ್‌ವೇಯನ್ನೇ ನೋಡಿ. ಏವ್‌ಬರಿಯಿಂದ ಐವಿಂಗ್‌ಹೋ ಬೀಕನ್‌ವರೆಗೆ 87 ಮೈಲಿ ಹೋಗುವ ಬಹಳ ಪುರಾತನ ದಾರಿ ಅದು. ಅದರ ಕೆಲವು ತುಣುಕುಗಳು ಬೈವೇ ನಿಜ, ಆದರೆ ಚಳಿಗಾಲದ ತಿಂಗಳುಗಳಲ್ಲಿ ಅಲ್ಲಿ ಗಾಡಿ ನಿಷೇಧ. ಒದ್ದೆ ಸುಣ್ಣಕಲ್ಲಿನ ದಾರಿಯನ್ನು ಒಂದೇ ಚಳಿಗಾಲದಲ್ಲಿ ಹಾಳು ಮಾಡಬಹುದು.

ಸಾಲ್ಸ್‌ಬರಿ ಬಯಲು ಇನ್ನೂ ಚೆನ್ನ. ಗಟ್ಟಿ ತಳದ ಬೈವೇಗಳು ಬಹಳ ಇವೆ, ಕಣ್ಣು ಹಾಯುವಷ್ಟು ದೂರ ಬಯಲು. ಆದರೆ ಅದು ಸೈನ್ಯದ ತರಬೇತಿ ಜಾಗ. ಕೆಂಪು ಬಾವುಟ ಹಾರುತ್ತಿದ್ದರೆ ಗುಂಡು ಹಾರಿಸುತ್ತಿದ್ದಾರೆ ಅಂತ ಅರ್ಥ, ಒಳಗೆ ಹೋಗುವ ಹಾಗಿಲ್ಲ. ನೆಲದ ಮೇಲೆ ಬಿದ್ದ ಲೋಹದ ತುಂಡನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಅಲ್ಲಿನ ಇಂಬರ್ ಎಂಬ ಹಳ್ಳಿಯ ಜನರನ್ನು 1943ರಲ್ಲಿ ಸೈನ್ಯದ ತರಬೇತಿಗೆಂದು ಎಬ್ಬಿಸಿದರು, ಅವರು ಮತ್ತೆ ವಾಪಸ್ ಬರಲೇ ಇಲ್ಲ. ಅಣೆಕಟ್ಟಿಗೆ ಊರು ಬಿಟ್ಟವರ ಕತೆ ಕೇಳಿ ಬೆಳೆದ ಶಿವಮೊಗ್ಗ ಕಡೆಯವರಿಗೆ ಆ ಊರಿನ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಬೈವೇಯಲ್ಲಿ ಒಂಟಿ ಗಾಡಿ ಬೇಡ, ಸಿಕ್ಕಿಹಾಕಿಕೊಂಡರೆ ಎಳೆಯಲು ಇನ್ನೊಂದು ಬೇಕು. ನಾಲ್ಕಕ್ಕಿಂತ ಜಾಸ್ತಿಯೂ ಬೇಡ. ಕುದುರೆ ಎದುರು ಬಂದರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ, ಅದು ದಾಟುವವರೆಗೆ ಕಾಯಿರಿ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ರೈತ ಕುರಿಗೆ ನೀರಿನ ದಾರಿ ಬಿಟ್ಟಿರುತ್ತಾನೆ. ಹಸಿ ಕೆಸರು ಕಂಡರೆ ವಾಪಸ್ ತಿರುಗಿ. ಈ ದಾರಿಗಳು ಒಂದೊಂದಾಗಿ ಮುಚ್ಚುತ್ತಿರುವುದಕ್ಕೆ ಕೆಸರಿನಲ್ಲಿ ಆಟ ಆಡಿದವರ ಪಾಲೂ ಇದೆ, ನನಗೆ ಅವರ ಮೇಲೆ ಸಿಟ್ಟಿದೆ. ಕೆಸರೇ ಬೇಕು ಅಂದರೆ ಪೇ ಅಂಡ್ ಪ್ಲೇ ಜಾಗಗಳಿವೆ. ದುಡ್ಡು ಕಟ್ಟಿ ಒಳಗೆ ಹೋಗಿ, ಸ್ವಂತ ಗಾಡಿಯನ್ನು ಎಷ್ಟು ಬೇಕಾದರೂ ಹೂಳಬಹುದು.

ಇನ್ನು ಆ ದಿನದ ಸಣ್ಣಪುಟ್ಟ ತಯಾರಿ. ಹೊರಡುವ ಮುಂಚೆ ಹೊಟ್ಟೆ ಬಿರಿಯೆ ತಿನ್ನಬೇಡಿ. ನಿಧಾನ ತೂಗಾಡುವ ಗಾಡಿ ವೇಗದ ಗಾಡಿಗಿಂತ ಜಾಸ್ತಿ ವಾಕರಿಕೆ ತರುತ್ತದೆ. ಹಿಂದೆ ಕೂತು ಮೊಬೈಲ್ ನೋಡುವ ಮಗನಿಗೆ ಮೊದಲು ಬರುತ್ತದೆ, ಹೇಳಿದರೆ ಕೇಳುವುದಿಲ್ಲ ಬಿಡಿ. ಬೆಳಗ್ಗೆ ಎರಡು ಇಡ್ಲಿ ಸಾಕು, ಚಿತ್ರಾನ್ನದ ಡಬ್ಬಿಯನ್ನು ಸುತ್ತಾಟ ಮುಗಿದ ಮೇಲೆ ಬಿಚ್ಚಿ. ಎಲ್ಲರಿಗೂ ವೆಲ್ಲಿಂಗ್ಟನ್ ಬೂಟು, ಮಳೆ ಕೋಟು ಇರಲಿ. ಅಮ್ಮನಿಗೆ ಸೀರೆ ಬೇಡ. ಸೀರೆಯಲ್ಲಿ ಡಿಫೆಂಡರ್ ಹತ್ತುವುದೇ ಒಂದು ಸಾಹಸ, ಚೂಡಿದಾರ್ ಒಳ್ಳೆಯದು. ಮೇ ತಿಂಗಳಾದರೂ ಕಾಡಿನ ನೆರಳಲ್ಲಿ ತಣ್ಣಗಿರುತ್ತದೆ, ಅಪ್ಪನಿಗೆ ಸ್ವೆಟರ್ ಮರೆಯಬೇಡಿ. ಆ ತಿಂಗಳ ಮೊದಲರ್ಧದಲ್ಲಿ ಹೋದರೆ ಮರಗಳ ಕೆಳಗೆ ನೀಲಿ ಬ್ಲೂಬೆಲ್ ಹೂವೂ ಸಿಗಬಹುದು. ಗಾಡಿ ಹತ್ತದವರು ಬೇಜಾರು ಮಾಡಿಕೊಳ್ಳದಿರಲು ಹತ್ತಿರದ ಲೆಡ್‌ಬರಿ ಪೇಟೆ ಇದೆ. ಮರದ ಕಂಬಗಳ ಮೇಲೆ ನಿಂತ ಹಳೆಯ ಮಾರ್ಕೆಟ್ ಹೌಸ್ ನೋಡಿ, ಚಹಾ ಕುಡಿದು ಬರಬಹುದು. ಆ ಊರಿಗೆ ರೈಲೂ ಇದೆ.

ಮೇ ತಿಂಗಳಿಗೆ ಎರಡು ಸೋಮವಾರ ಬ್ಯಾಂಕ್ ರಜೆ ಬರುತ್ತದೆ, ಕೊನೆಯ ವಾರ ಶಾಲೆಗಳಿಗೆ ಹಾಫ್ ಟರ್ಮ್ ರಜೆ. ಆ ದಿನಗಳು ಬೇಗ ತುಂಬುತ್ತವೆ, ಈಗಲೇ ಬುಕ್ ಮಾಡಿ. ಬೆಳಗಿನ ಸರದಿ ಕೇಳಿ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತರ ತನಕ ಬೆಳಕಿರುತ್ತದೆ, ವಾಪಸ್ ಬರುವಾಗ ಅವಸರ ಇರುವುದಿಲ್ಲ. ಮೊದಲ ಸುತ್ತನ್ನು ಅಪ್ಪನಿಗೇ ಕೊಡಿ. ಇನ್‌ಸ್ಟ್ರಕ್ಟರ್‌ಗೆ ಅವರು ಮಲೆನಾಡಿನ ತೋಟದಲ್ಲಿ ಜೀಪು ಓಡಿಸಿದವರು ಅಂತ ಒಂದು ಮಾತು ಹೇಳಿಡಿ, ಸ್ವಲ್ಪ ಕಷ್ಟದ ಜಾಡಿಗೇ ಕರೆದುಕೊಂಡು ಹೋಗುತ್ತಾರೆ.